ಗೋಡೆ ಏರಿದ ನೀರು

ನಮ್ಮ ಭೂವಿಜ್ಞಾನದ ಮೇಡಂ ಯಾವ ಕಲ್ಲು ಸಿಕ್ಕರೂ ಮೊದಲು ನಾಲಿಗೆಗೆ ಹಚ್ಚುತ್ತಿದ್ದರು. ಒಣ ಜೇಡಿಮಣ್ಣಿನ ಚೂರಾದರೆ ಅದು ನಾಲಿಗೆಗೇ ಅಂಟಿಕೊಂಡು ನೇತಾಡುತ್ತಿತ್ತು. ಕಲಬುರಗಿಯ ಆ ಕಾಲೇಜಿನಲ್ಲಿ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವರು ನಿಧಾನಕ್ಕೆ ಚೂರು ಕಿತ್ತು ಹೇಳುತ್ತಿದ್ದರು:

"ನಗ್ರಿ, ನಗ್ರಿ. ನೀರಿಗಿ ಗಾಳಿಕಿಂತ ಕಲ್ಲು ಮಣ್ಣಿನ ಮ್ಯಾಲೇ ಮಾಯಾ, ಪ್ರೀತಿ ಜಾಸ್ತಿ. ಸಣ್ಣ ಸಂದಿ ಸಿಕ್ಕರ ತಬ್ಕೊಂಡು ಮ್ಯಾಲೂ ಏರತದ."

ಖೂಬಾ ಪ್ಲಾಟ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಮಾತು ಖಡಕ್. ಯಾರಾದರೂ ಹೊಸ ಮನೆಗೆ ಊಟಕ್ಕೆ ಕರೆದರೆ ಗೋಡೆಯ ತಪ್ಪು ಹೇಳಿಯೇ ಕೈ ತೊಳೆಯುತ್ತಿದ್ದರು. ನಿವೃತ್ತಿಯ ನಂತರ ಕಮಲಾಪುರದ ತವರಿಗೆ ಹೋಗಿ, ಕೆಂಪು ಕಲ್ಲಿನ ತಮ್ಮ ಹಳೆಯ ಕೋಣೆಯಲ್ಲಿ ಇರಬೇಕೆಂಬುದೊಂದೇ ಅವರ ಆಸೆ.

ಅವರ ಸಾಮಾನು ಸಾಗಿಸಲು ನಾನೂ ಜೊತೆಗೆ ಹೋಗಿದ್ದೆ. ಬಾಗಿಲಲ್ಲೇ ಕಾಯುತ್ತಿದ್ದ ಮೇಡಂ ಅವರ ತಮ್ಮ ಕುಣಿಯುವುದೊಂದು ಬಾಕಿ.

"ಅಕ್ಕಾ, ನಿನಗಂತನೇ ಮಾಡಿಸೀನಿ. ನೋಡು, ಹ್ಯಾಂಗ ಆಗ್ಯಾದ!"

ಹಳೆಯ ಸುಣ್ಣದ ಗಾರೆಯನ್ನು ಕೆತ್ತಿಸಿ, ಒಳಗೂ ಹೊರಗೂ ಸಿಮೆಂಟ್ ಗಿಲಾವು ಹಾಕಿಸಿದ್ದ. ನೆಲದಿಂದ ಕಲ್ಲಿಗೆ ಏರುವ ತೇವ ಸುಣ್ಣದ ಮೂಲಕ ಆರಿಹೋಗುತ್ತದೆ. ಸಿಮೆಂಟು ದಾರಿ ಮುಚ್ಚಿದರೆ ಇನ್ನೂ ಮೇಲೇರುತ್ತದೆ. ಇದನ್ನು ನಮಗೆ ಕಲಿಸಿದವರೇ ಮೇಡಂ. ಅವರು ಗೋಡೆಯ ಮೇಲೆ ಕೈಯಾಡಿಸಿದರು. ಈಗ ಗುಡುಗುತ್ತಾರೆ ಎಂದುಕೊಂಡೆ.

"ಭಾಳ ಛಂದ ಆಗ್ಯಾದಪ್ಪ," ಎಂದರು.

ಮುಂದಿನ ಮಳೆಗಾಲಕ್ಕೇ ಗೋಡೆ ಎದೆಮಟ್ಟ ನೆನೆಯಿತು. ಮೇಡಂಗೆ ಮೊದಲೇ ದಮ್ಮು. ಅಲ್ಲಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಏನೋ ನೆಪ ಹೇಳಿ ಖೂಬಾ ಪ್ಲಾಟಿಗೇ ಮರಳಿದರು. ಸಿಮೆಂಟು ಕೆತ್ತಿಸಿದರೆ ಸಾಕು, ತಮ್ಮನಿಗೆ ಹೇಳಿಬಿಡಿ ಎಂದು ನಾನು ಗೋಗರೆದೆ.

"ಎಷ್ಟು ಆಸೆಲಿಂದ ಮಾಡ್ಯಾನ ಅಂವ. ಹ್ಯಾಂಗ ಹೇಳಲಿ?"

ಊರ ಗೋಡೆಗಳಿಗೆಲ್ಲ ಬುದ್ಧಿ ಹೇಳಿದವರು ತಮ್ಮದೊಂದರ ಮುಂದೆ ಸೋತರು. ಆ ಬಾಡಿಗೆ ಕೋಣೆಯಲ್ಲೇ ತೀರಿಕೊಂಡರು. ಒಂದು ಮಾತಿಗೆ ಮುಗಿಯುವ ಕೆಲಸವಾಗಿತ್ತು ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಮಣ್ಣು ಮಾಡಿ ಬಂದ ಮೇಲೆ ತಮ್ಮ ನನ್ನನ್ನು ಕಮಲಾಪುರದ ಆ ಕೆಂಪು ಕಲ್ಲಿನ ಕೋಣೆಗೆ ಕರೆದೊಯ್ದ. ಗಿಲಾವು ಉಬ್ಬಿ ಉದುರುತ್ತಿತ್ತು.

"ನೀವು ಅಕ್ಕನ ಕಡೆ ಕಲತವರು. ಖರೇ ಹೇಳ್ರಿ. ಈ ಗ್ವಾಡಿ ಸಲುವಾಗೇ ಅಕ್ಕ ಇಲ್ಲಿ ನಿಲ್ಲಲಿಲ್ಲೇನು?"

ಗೋಡೆಗೆ ತಾಗಿದ ಬೆರಳನ್ನು ಮೇಡಂರಿಂದ ಬಂದ ರೂಢಿಯಂತೆ ನಾಲಿಗೆಗೆ ಹಚ್ಚಿದೆ. ಉಪ್ಪು. ಕೆಳಗಿನಿಂದ ನೀರು ಹೊತ್ತು ತಂದದ್ದು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಮೇಡಮ್ಮೋರಿಗಿ ಈ ಕೋಣಿ ಭಾಳ ಸೇರಿತ್ರೀ," ಎಂದೆ.