ಜೋಳದ ಕಾಳಿನಷ್ಟು

ಇಂಥ ಮಾತುಗಳನ್ನು ನಾನು ನಂಬುವವನಲ್ಲ. ಬಸವಕಲ್ಯಾಣದ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಯಾರಾದರೂ ದೃಷ್ಟಿ, ಗಾಳಿ ಎಂದರೆ ನಕ್ಕುಬಿಡುತ್ತಿದ್ದೆ. ಆದರೂ ಇದೊಂದನ್ನು ನಿಮ್ಮ ಮುಂದೆ ಹೇಳಲೇಬೇಕು.

ತೊಂಬತ್ತರ ದಶಕದ ಕೊನೆ. ಮಗಳಿಗೆ ಎರಡು ವರ್ಷ ತುಂಬಿತ್ತು. ಹೆಂಡತಿಯ ತವರು ಹುಮನಾಬಾದ್. ಅವರ ಮನೆಯ ಮಕ್ಕಳ ಕಿವಿ ಚುಚ್ಚುವವನು ಪಕ್ಕದ ಮಾಣಿಕನಗರದ ಒಬ್ಬ ಮುದುಕ ಪತ್ತಾರ, ಅಂದರೆ ಅಕ್ಕಸಾಲಿ. ಅವನ ಎರಡೂ ಕಣ್ಣಿಗೆ ಮೋತಿಬಿಂದುವಿನ ಪೊರೆ ಬಂದಿತ್ತು, ಕೆಲಸವೆಲ್ಲ ಬೆರಳಿನ ಅಂದಾಜಿನ ಮೇಲೆ. ಮಗುವಿನ ಬಾಯಿಗೆ ಬೆಲ್ಲದ ಚೂರು ಇಟ್ಟು, ಅದು ಚೀಪುವಷ್ಟರಲ್ಲಿ ಚಿನ್ನದ ತಂತಿ ದಾಟಿಸಿಬಿಡುತ್ತಿದ್ದ.

ಬಲಗಿವಿ ಹಾಗೆಯೇ ಮುಗಿಯಿತು. ಎಡಗಿವಿಯ ಹಾಲೆ ಹಿಡಿದ. ತನ್ನ ಕಿವಿಯನ್ನು ಅವಳ ಕಿವಿಗೆ ಹಚ್ಚಿದ. ಆಮೇಲೆ ತಂತಿ ಕೆಳಗಿಟ್ಟ.

“ಇದು ಈಗ ಬ್ಯಾಡ್ರಿ. ಒಳಗ ಜೋಳದ ಕಾಳಿನಷ್ಟು ಬೆಳ್ಳಗ ಏನೋ ಕುಂತದ. ಮೊದಲ ಡಾಕ್ಟರಿಗಿ ತೋರಸ್ರಿ.”

ನನಗೆ ರೇಗಿತು. ಮಗು ಪಿಸುಮಾತಿಗೂ ತಿರುಗುತ್ತಿತ್ತು, ಸೋರಿಕೆಯಿಲ್ಲ, ನೋವಿಲ್ಲ. ಮುದುಕನಿಗೆ ನಾವು ಕೊಟ್ಟ ಟವಲು, ತೆಂಗಿನಕಾಯಿ ಸಾಲಲಿಲ್ಲವೇನೋ ಎಂದುಕೊಂಡೆ. ಬೇರೆ ಪತ್ತಾರನ ಹತ್ತಿರ ಹೋಗೋಣವೆಂದರೆ ಹೆಂಡತಿ ಮಗುವನ್ನು ಎದೆಗವಚಿಕೊಂಡಳು. “ಒಂದ್ ಸಲ ತೋರ್ಸೂಣು. ನಿಮ್ಮ ಗಂಟೇನ್ ಹೋಗ್ತದ?”

ಸೊಲ್ಲಾಪುರದ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಕಿವಿತಮಟೆಯ ಹಿಂದೆ ಪುಟ್ಟ ಬಿಳಿ ಗಂಟು. ಹುಟ್ಟಿನಿಂದಲೇ ಬಂದದ್ದು, ಬಲು ಅಪರೂಪದ್ದು. ಬಿಟ್ಟರೆ ಬೆಳೆದು, ಒಳಗಿನ ಸಣ್ಣ ಎಲುಬುಗಳನ್ನು ತಿಂದು, ಕಿವುಡು ಮಾಡಬಹುದಿತ್ತಂತೆ.

“ಜಲ್ದಿ ತಂದೀರಿ, ಭಾಳ ಚಲೋ ಆತು. ಹ್ಯಾಂಗ ಗೊತ್ತಾತು ನಿಮಗ?” ಎಂದರು.

ಆಪರೇಷನ್ನಿಗೆ ಅವಳನ್ನು ಒಳಗೆ ಒಯ್ದಾಗ ಅತ್ತುಬಿಟ್ಟೆ, ಮುಚ್ಚಿಡುವುದೇನಿದೆ. ಕಿವಿ ಉಳಿಯಿತು.

ಆರು ತಿಂಗಳ ಮೇಲೆ ಮತ್ತೆ ಪತ್ತಾರನಲ್ಲಿಗೆ ಹೋದೆವು. ಕಿವಿಗೆ ಕಿವಿ ಹಚ್ಚಿ, “ಈಗ ಆಗ್ತದ್ರಿ” ಎಂದು ನಕ್ಕು, ಬೆಲ್ಲ ಇಟ್ಟು ಚುಚ್ಚಿದ. ಅವತ್ತು ಹೇಗೆ ತಿಳಿಯಿತೆಂದು ಬಿಡದೆ ಕೇಳಿದೆ.

“ನಂಗೇನ್ ಗೊತ್ರಿ ಸರ್? ಕೈ ಮುಂದ ಹೋಗಲಿಲ್ಲ. ಬಾಯಾಗ ಬಂತು, ಅಂದೆ.”

ಮುದುಕ ಈಗಿಲ್ಲ. ಮಗಳು ಹೈಸ್ಕೂಲಿಗೆ ಬಂದಿದ್ದಾಳೆ. ಎಡಗಿವಿಯ ತೂತು ತುಸು ಕೆಳಗಾಗಿದೆಯೆಂದು ಕನ್ನಡಿಯ ಮುಂದೆ ಗೊಣಗುತ್ತಾಳೆ. ನಾನು ಕಥೆ ಹೇಳುತ್ತೇನೆ. “ಪಪ್ಪಾ, ಆ ಅಜ್ಜಗ ಹ್ಯಾಂಗ ಗೊತ್ತಾತು?” ಎಂದು ಪ್ರತಿ ಸಲವೂ ಕೇಳುತ್ತಾಳೆ.

ಅವಳ ಎಡಕ್ಕೆ ನಿಂತು, ತುಟಿ ಅಲ್ಲಾಡುವಷ್ಟೇ ಮೆಲ್ಲಗೆ, “ಗೊತ್ತಿಲ್ಲವ್ವ” ಎನ್ನುತ್ತೇನೆ. ಅವಳಿಗೆ ಅದೂ ಕೇಳಿಸುತ್ತದೆ.