ಪೋರ್ಚುಗೀಸರ ಕಡೆಯವನು

ತದಡಿಯಲ್ಲಿ ಬೋಟುಗಳಿಗೆ ಬಣ್ಣ ಬಳಿಯುವ ದಾಮೋದರ ಹರಿಕಂತ್ರ, ಮಿಕ್ಕ ಬಣ್ಣದಲ್ಲೇ ಹೆಬ್ಬೆರಳೆತ್ತರದ ಸಿಪಾಯಿ ಗೊಂಬೆಗಳ ಎರಡು ಸೈನ್ಯಗಳನ್ನು ಸಿಂಗರಿಸಿದ್ದ: ಒಂದು ನಮ್ಮವರದು, ಇನ್ನೊಂದು ಪೋರ್ಚುಗೀಸರದು. ಭಾನುವಾರ ಅವನ ಮನೆಯ ಮೇಜಿನ ಮೇಲೆ ಗೆಳೆಯರೆಲ್ಲ ಸೇರಿ, ದಾಳ ಉರುಳಿಸಿ, ರಟ್ಟಿನ ಮಿರ್ಜಾನ್ ಕೋಟೆಗಾಗಿ ಕಾದಾಡುತ್ತಿದ್ದರು. ಪೋರ್ಚುಗೀಸರನ್ನು ಮುಟ್ಟಲು ಆ ದೇಶಭಕ್ತರು ಯಾರೂ ಒಪ್ಪದ ಕಾರಣ ಆ ಪಡೆ ಸದಾ ದಾಮೋದರನದು, ಸೋಲೂ ಅವನದೇ.

ಒಂದು ವಾರ ದಾಳ ಒಲಿದು ಕೋಟೆ ಅವನ ವಶವಾಯಿತು. ಗೆಳೆಯರು ಚಹಾ ಮುಟ್ಟದೆ ಎದ್ದು ಹೋದರು. ಮರುವಾರ ಒಬ್ಬರೂ ಇತ್ತ ಸುಳಿಯಲಿಲ್ಲ.

ಕೊನೆಗೆ ದಾಮೋದರನೇ ಫೋನ್ ಮಾಡಿದ: "ಬನ್ನಿ ಮಾರಾಯ್ರೆ, ಈ ಸಲ ನಾನೇ ಸೋಲ್ತೆ."

ಒಳಗಿದ್ದ ಹೆಂಡತಿ ರೋಹಿಣಿಗೆ ಅದು ಕೇಳಿಸಿತು.

"ಆತು, ದೇಶಕ್ಕೆ ಸ್ವಾತಂತ್ರ್ಯ ಬಂತು. ಎಷ್ಟು ಜನಕ್ಕೆ ಚಾ ಮಾಡ್ಲಿ?"