ಬೂದಿಕೋಟೆಯ ಪಾಲು

ಹಾವಿನ ವಿಷಕ್ಕೆ ಕೊಡುವ ಮದ್ದಿನ ಸೀಸೆಗಳನ್ನು ಶ್ರೀಮತಿ ಮುನಿರತ್ನಮ್ಮನವರು ಬಂಗಾರಪೇಟೆಯ ಔಷಧ ಉಗ್ರಾಣದಲ್ಲಿ ಪಾಲು ಹಾಕುತ್ತಿದ್ದಾಗಲೇ, ಬೂದಿಕೋಟೆಯ ಕದಿರಮ್ಮ ಬಾಗಿಲಿಗೆ ಬಂದು ನಿಂತದ್ದು. ಆಗ ಮುನಿರತ್ನಮ್ಮನವರ ಕೈಯಲ್ಲಿದ್ದುದು ರಾಬರ್ಟ್‌ಸನ್‌ಪೇಟೆಯ ಪಾಲು.

ಔಷಧ ಹಂಚಿಕೆಯಲ್ಲಿ ಅವರಷ್ಟು ನ್ಯಾಯವಂತರಿಲ್ಲವೆಂಬ ಮಾತು ಎಪ್ಪತ್ತರ ದಶಕದಿಂದಲೂ ಇತ್ತು. ಹಿಂದೆಲ್ಲ ಜೋರು ಮಾಡಿದವರ ಪಾಲಾಗುತ್ತಿದ್ದ ಮದ್ದನ್ನು, ಮನೆಮಕ್ಕಳಿಗೆ ಬಡಿಸುವಂತೆ, ಅವರು ಎಲ್ಲ ಆಸ್ಪತ್ರೆಗಳಿಗೂ ಒಂದೇ ಅಳತೆಯಲ್ಲಿ ಕೊಟ್ಟರು. ಬಾಣಂತನ ಮುಗಿಸಿ ಕೆಲಸಕ್ಕೆ ಬಂದ ಸಹೋದ್ಯೋಗಿ ಗಂಗರತ್ನಮ್ಮನವರ ಕೂಸಿಗೆ ಹತ್ತಿಯ ಮೂಟೆಗಳ ನಡುವೆ ತಮ್ಮ ಸೀರೆಯಲ್ಲೇ ಜೋಲಿ ಕಟ್ಟಿಕೊಟ್ಟವರೂ ಅವರೇ.

"ಸೊಸೆ ಕಳ್ಳೇಕಾಯಿ ಕೀಳ್ತಿದ್ಲು, ಆವು ಕಚ್ತು," ಎಂದಳು ಕದಿರಮ್ಮ. "ನಮ್ಮೂರ ಪಾಲು ಮುಗ್ದೋಗಿತ್ತಂತೆ. ರಾಬರ್ಟ್‌ಸನ್‌ಪ್ಯಾಟೆಗೆ ಕರ್ಕೊಂಡೋಗೋವಾಗ ಬಸ್ಸಲ್ಲೇ ಪ್ರಾಣ ಬಿಟ್ಲು. ಅಲ್ಲಿ ಮದ್ದು ಇತ್ತಾ?"

"ಇತ್ತಮ್ಮ."

"ಅಲ್ಲಿ ಆವು ಜಾಸ್ತೀನಾ?"

"ಎಲ್ರಿಗೂ ಒಂದೇ ಸಮ ಕೊಟ್ಟಿದ್ದೆ ಕಣಮ್ಮ."

"ನೀನು ಕೊಟ್ಟೆ ತಾಯಿ. ಆವು ಒಂದೇ ಸಮ ಕಚ್ಚಲಿಲ್ಲ."

ರಾಬರ್ಟ್‌ಸನ್‌ಪೇಟೆಯ ಸೀಸೆಗಳು ಖರ್ಚಾಗದೆ ವರ್ಷವರ್ಷವೂ ಅವಧಿ ಮೀರಿ ಗುಂಡಿ ಸೇರುತ್ತಿದ್ದವು. ಅದು ಗೊತ್ತಿದ್ದೂ ತಾವು ಸಮಪಾಲನ್ನೇ ನ್ಯಾಯವೆಂದುಕೊಂಡಿದ್ದುದು ಮುನಿರತ್ನಮ್ಮನವರನ್ನು ಮತ್ತೆ ನೆಮ್ಮದಿಯಾಗಿರಲು ಬಿಡಲಿಲ್ಲ. ಮುಂದಿನ ವರ್ಷದಿಂದ, ಕಡಲೆಕಾಯಿ ಕೀಳುವ ಮೊದಲೇ, ಹೆಚ್ಚಿನ ಮದ್ದು ಹಳ್ಳಿಗಳಿಗೆ ಹೊರಟಿತು. ಅವಧಿ ಹತ್ತಿರವಾದ ಪೇಟೆಯ ಸೀಸೆಗಳೂ ಬೇಗ ಖರ್ಚಾಗುವ ಕಡೆಗೇ ಹೋದವು.

"ಸಮಪಾಲು ಬಿಟ್ರೆ ಜಗಳ ಬತ್ತದೆ ಮುನಿರತ್ನಮ್ಮ," ಎಂದರು ಮೇಲಧಿಕಾರಿ ವೆಂಕಟೇಶಪ್ಪನವರು.

"ಜಗಳ ಆಡೋಕಾದ್ರೂ ಜನ ಉಳೀಲಿ ಸಾರ್."

ಮುನಿರತ್ನಮ್ಮನವರು ಇದ್ದಷ್ಟು ಕಾಲ ಬೂದಿಕೋಟೆಯಲ್ಲಿ ಆ ಮದ್ದು ಇಲ್ಲವೆನ್ನಿಸಿಕೊಳ್ಳಲಿಲ್ಲ. ಆದರೂ ಅವರು ಹೊಗಳಿಕೆಗೆ ಮುಖವರಳಿಸಿದ್ದನ್ನು ಯಾರೂ ಕಾಣರು. ಸತ್ತವಳ ಹೆಸರು ಮಂಗಮ್ಮನೆಂಬುದನ್ನು ಮಾತ್ರ ಅವರು ಮರೆಯಲಿಲ್ಲ.

ತೊಂಬತ್ತರ ದಶಕದಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ, ಹಂಚಿಕೆಯಲ್ಲಿ ಪಕ್ಷಪಾತವೆಂಬ ದೂರು ಮೇಲಕ್ಕೆ ಹೋಗಿ, ಸಮಪಾಲಿನ ಆದೇಶ ತಿರುಗಿ ಬಂದಿತ್ತು. ಬೀಳ್ಕೊಡುಗೆಯ ದಿನವೇ ಹೊಸ ಉಗ್ರಾಣಿಕ ಸೊಣ್ಣಪ್ಪನವರು ಮೇಜಿನ ಮೇಲೆ ಸೀಸೆಗಳನ್ನು ಒಂದೇ ಸಮ ಜೋಡಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಸಹೋದ್ಯೋಗಿಗಳು ಮುನಿರತ್ನಮ್ಮನವರಿಗೆ ನೂರು ವರ್ಷದ ಆಯುಸ್ಸನ್ನೂ ಕೈಕಾಲುಗಳಲ್ಲಿ ಕಸುವನ್ನೂ ಹಾರೈಸಿ, ನೆನಪಿಗೆ ಏನು ಬೇಕೆಂದು ಕೇಳಿದರು.

"ಆ ಹಳೇ ಐಸ್ ಫ್ಲಾಸ್ಕ್ ಕೊಡಿ."

"ಮೊಮ್ಮಕ್ಕಳಿಗೆ ಐಸ್ ಕ್ರೀಮಾ?" ಎಂದು ಗಂಗರತ್ನಮ್ಮನವರು ನಕ್ಕರು.

ಮುನಿರತ್ನಮ್ಮನವರೂ ನಕ್ಕರು. ಕಡಲೆಕಾಯಿ ಕೀಳುವ ಕಾಲ ಬಂದಾಗ ಪೇಟೆಯ ಆಸ್ಪತ್ರೆಯಲ್ಲಿ ಮಿಕ್ಕ ಸೀಸೆಗಳನ್ನು ಬೇಡಿಯಾದರೂ ಪಡೆದು, ಕೆಡದಂತೆ ಆ ಫ್ಲಾಸ್ಕಿನ ಐಸಿನಲ್ಲಿಟ್ಟುಕೊಂಡು, ತಾವೇ ಬೂದಿಕೋಟೆಯ ಬಸ್ಸು ಹತ್ತುವುದೆಂದು ಅಲ್ಲಿಯೇ ನಿಶ್ಚಯಿಸಿದರು. ಯಾರಿಗೂ ಹೇಳಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಬಿಗಿಯಾಗಿದೆಯೇ ಎಂದು ನೋಡಿದರು.